ಡಬ್ಬಿ ಕೊಟ್ಟು ‘ನಾಳೆ ಮಲ ತನ್ನಿ’ ಎಂದರೆ ಸಾಕೇ? ರೋಗಿಗೆ ಹೇಳಬೇಕಾದ್ದು ಏನೇನು?

ತಾಲ್ಲೂಕು_ಲ್ಯಾಬ್

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ರಕ್ತ ಕೊಡುವವರ ಸಾಲಿನಲ್ಲೇ ಮಲ ಪರೀಕ್ಷೆಯವರೂ ನಿಂತಿರುತ್ತಾರೆ. ಅವರ ಸರದಿ ಬಂದಾಗ ಡಬ್ಬಿ ಕೊಟ್ಟು, ‘ನಾಳೆ ಬೆಳಿಗ್ಗೆ ಇದರಲ್ಲಿ ತನ್ನಿ’ ಎನ್ನುತ್ತೇವೆ. ಹಿಂದೆ ನಿಂತವರು ಕೇಳಿಸಿಕೊಳ್ಳುತ್ತಾರೆಂದು ಅವರೂ ಮರುಪ್ರಶ್ನೆ ಕೇಳುವುದಿಲ್ಲ. ಡಬ್ಬಿಯನ್ನು ಸೆರಗಿನಲ್ಲೋ ಚೀಲದಲ್ಲೋ ಅಡಗಿಸಿಕೊಂಡು ಹೊರಟುಬಿಡುತ್ತಾರೆ.

ಮರುದಿನ ಬರುವ ಮಾದರಿಗಳಲ್ಲಿ ಎಷ್ಟೋ ಕೆಲಸಕ್ಕೆ ಬಾರದವು. ಕೆಲವು ಡಬ್ಬಿಗಳು ಕಂಠಮಟ್ಟ ತುಂಬಿ, ಒಳಗಿನ ಗಾಳಿಗೆ ಮುಚ್ಚಳ ಉಬ್ಬಿರುತ್ತದೆ. ಕೆಲವರದು ತೊಳೆದ ನೀರೇ ಸೇರಿ ತೆಳ್ಳಗಾಗಿರುತ್ತದೆ. ಹಿಂದಿನ ಸಂಜೆಯೇ ಹಿಡಿದಿಟ್ಟು ರಾತ್ರಿಯಿಡೀ ಕಿಟಕಿಯ ಮೇಲೆ ಇಟ್ಟದ್ದೂ ಬರುತ್ತದೆ. ಬೆಂಕಿಪೊಟ್ಟಣದಲ್ಲಿ, ಹಳೆಯ ಔಷಧಿ ಬಾಟಲಿಯಲ್ಲಿ ತರುವವರು ಈಗಲೂ ಇದ್ದಾರೆ. ಇದಕ್ಕೆ ‘ಓದಿಲ್ಲದ ಜನ’ ಎಂದು ಕಾರಣ ಕೊಡುವುದನ್ನು ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವವರು ತಂದ ಡಬ್ಬಿಯೂ ಹಾಗೆಯೇ ಇರುತ್ತದೆ. ಅವರಿಗೂ ಯಾರೂ ಹೇಳಿರುವುದಿಲ್ಲ.

ಡಬ್ಬಿಯ ಜೊತೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಬರೆಯಬೇಕೆಂದಿದ್ದೇನೆ. ಸಿಗುವ ಇಂಗ್ಲಿಷ್ ಹಾಳೆಗಳಲ್ಲಿ ‘ಕಮೋಡಿನ ಅಂಚಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ’ ಎಂದಿರುತ್ತದೆ. ನಮ್ಮಲ್ಲಿಗೆ ಬರುವ ಹೆಚ್ಚಿನವರ ಮನೆಯಲ್ಲಿ ಕಮೋಡೇ ಇಲ್ಲ. ಮಾದರಿ ಕೊಟ್ಟು ಅನುಭವ ಇರುವವರು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಹೇಳಿ: ಯಾವುದನ್ನು ಹೇಳದಿದ್ದರಿಂದ ತೊಂದರೆಯಾಯಿತು? ಏನು ಹೇಳಿದ್ದರೆ ಸುಲಭವಾಗುತ್ತಿತ್ತು?

ಹಳೆಯ_ಸೂಕ್ಷ್ಮದರ್ಶಕ

ಬಹಳ ಅಗತ್ಯದ ಕೆಲಸ ಮೇಡಂ. ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ನನ್ನ ಮೊದಲ ಸಲಹೆ: ಏನು ಮಾಡಬೇಕು ಎಂಬುದರ ಪಕ್ಕದಲ್ಲೇ ಯಾಕೆ ಎಂಬುದನ್ನೂ ಬರೆಯಿರಿ. ಕಾರಣ ಗೊತ್ತಿಲ್ಲದ ಸೂಚನೆ ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತದೆ.

ಸಮಯದ ವಿಷಯವನ್ನೇ ನೋಡಿ. ಆಮಶಂಕೆ ತರುವ ಅಮೀಬಾ ಎರಡು ರೂಪದಲ್ಲಿ ಇರುತ್ತದೆ. ಓಡಾಡುವ ಜೀವಂತ ರೂಪ ಒಂದು, ಗಟ್ಟಿ ಕವಚದೊಳಗೆ ಸುಮ್ಮನಿರುವ ಕೋಶ ಇನ್ನೊಂದು. ನೀರುನೀರಾದ ಭೇದಿಯಲ್ಲಿ ಹೆಚ್ಚಾಗಿ ಸಿಗುವುದು ಮೊದಲನೆಯದು. ದೇಹದಿಂದ ಹೊರಬಿದ್ದ ಮೇಲೆ ಅದು ಬೇಗ ಸಾಯುತ್ತದೆ, ಆಕಾರ ಕೆಡುತ್ತದೆ. ಆದ್ದರಿಂದ ನೀರಾದ ಮಲವನ್ನು ಅರ್ಧ ಗಂಟೆಯೊಳಗೆ ನೋಡಬೇಕು. ಮೆತ್ತಗಿದ್ದರೆ ಒಂದು ಗಂಟೆಯೊಳಗೆ. ಗಟ್ಟಿಯಾಗಿದ್ದರೆ ಅದರಲ್ಲಿ ಹುಡುಕುವುದು ಕೋಶಗಳನ್ನು ಮತ್ತು ಹುಳುಗಳ ಮೊಟ್ಟೆಗಳನ್ನು. ಅದು ಅದೇ ದಿನ ತಲುಪಿದರೆ ಸಾಕು.

ಹೀಗಿರುವಾಗ ಎಲ್ಲರಿಗೂ ‘ಬೇಗ ತನ್ನಿ’ ಎಂಬ ಒಂದೇ ಮಾತು ಹೇಳಿದರೆ ಏನಾಗುತ್ತದೆ? ಗಟ್ಟಿ ಮಲದವರು ಅನಗತ್ಯವಾಗಿ ಗಾಬರಿಯಾಗಿ ಆಟೋ ಹಿಡಿದು ಓಡಿ ಬರುತ್ತಾರೆ. ರಕ್ತಭೇದಿಯವರು ಇಪ್ಪತ್ತು ಕಿಲೋಮೀಟರ್ ದೂರದಿಂದ ಬಸ್ಸಿನಲ್ಲಿ ನಿಧಾನವಾಗಿ ಬರುತ್ತಾರೆ, ಅಷ್ಟರಲ್ಲಿ ಅಮೀಬಾ ಸತ್ತಿರುತ್ತದೆ. ನೀರಾದ ಭೇದಿ ಇರುವವರಿಗೆ ಡಬ್ಬಿ ಕೊಟ್ಟು ಮನೆಗೆ ಕಳುಹಿಸಲೇಬಾರದು. ಆಸ್ಪತ್ರೆಯ ಶೌಚಾಲಯದಲ್ಲೇ ಕೊಡುವಂತೆ ಹೇಳಿ. ಅದಕ್ಕೆ ಆ ಶೌಚಾಲಯ ಚೊಕ್ಕಟವಾಗಿರಬೇಕು, ಒಳಗಿನಿಂದ ಚಿಲಕ ಬೀಳಬೇಕು, ಕೈ ತೊಳೆಯಲು ಸೋಪು ಇರಬೇಕು. ಎಷ್ಟು ಆಸ್ಪತ್ರೆಗಳಲ್ಲಿ ಈ ಮೂರೂ ಇವೆ ಎಂದು ಮೊದಲು ಲೆಕ್ಕ ಹಾಕಬೇಕಾದವರು ನಾವು.

ಮೂತ್ರ ಮತ್ತು ನೀರು ಯಾಕೆ ಸೇರಬಾರದು ಎಂಬುದನ್ನೂ ಹೇಳಿ. ಇವೆರಡರಲ್ಲಿ ಯಾವುದು ಸೇರಿದರೂ ಓಡಾಡುವ ರೂಪದ ಪರೋಪಜೀವಿಗಳು ನಾಶವಾಗುತ್ತವೆ. ನೀರಿನಲ್ಲಾದರೆ ಇನ್ನೊಂದು ತೊಡಕಿದೆ. ತೊಟ್ಟಿಯ ನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಸಣ್ಣ ಜೀವಿಗಳು ಇರುತ್ತವೆ, ಅವು ಗಾಜಿನ ಪಟ್ಟಿಯ ಮೇಲೆ ಕಾಣಿಸಿಕೊಂಡು ನೋಡುವವರನ್ನು ದಾರಿ ತಪ್ಪಿಸುತ್ತವೆ.

ದೊಡ್ಡಮನೆ_ಹುಡುಗ

ಸರ್, ಒಂದು ಮಾತು ಸೇರಿಸುತ್ತೇನೆ. ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಮಲ ಪರೀಕ್ಷೆ ಎಂದಾಗ ರಕ್ತ ಪರೀಕ್ಷೆಯ ಹಾಗೆಯೇ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದು ತಿಳಿದು ಕಾಫಿಯನ್ನೂ ಕುಡಿಯದೆ ಕುಳಿತಿದ್ದರು. ಮಧ್ಯಾಹ್ನದವರೆಗೂ ಮಲವಿಸರ್ಜನೆ ಆಗಲಿಲ್ಲ, ತಲೆ ಸುತ್ತಿ ಬಿದ್ದರು. ‘ತಿಂಡಿ ತಿನ್ನಬಹುದು’ ಎಂಬ ಮಾತು ಹಾಳೆಯ ಮೇಲ್ಭಾಗದಲ್ಲೇ ಇರಲಿ.

ತಾಲ್ಲೂಕು_ಲ್ಯಾಬ್

ಇದು ನನ್ನ ಕರಡಿನಲ್ಲಿ ಇರಲೇ ಇಲ್ಲ, ತುಂಬಾ ಉಪಕಾರವಾಯಿತು. ಸಾಮಾನ್ಯ ಮಲ ಪರೀಕ್ಷೆಗೆ ಉಪವಾಸ ಬೇಕಿಲ್ಲ. ತಿಂಡಿ ತಿಂದರೆ, ಬಿಸಿ ಕಾಫಿ ಕುಡಿದರೆ ಕರುಳಿನ ಚಲನೆ ಹೆಚ್ಚಿ ಮಲವಿಸರ್ಜನೆ ಸುಲಭವಾಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಅದೇ ದಿನ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಯೂ ಇದ್ದರೆ ರಕ್ತವನ್ನು ಮೊದಲು ಕೊಟ್ಟು, ತಿಂಡಿ ತಿಂದು, ಆಮೇಲೆ ಮಲ ಕೊಡಬಹುದು.

ವಾರ್ಡ್_ಸಿಸ್ಟರ್

ಇಂಡಿಯನ್ ಶೌಚಾಲಯದಲ್ಲಿ ಹೇಗೆ ಹಿಡಿಯುವುದೆಂದು ನಾನು ರೋಗಿಗಳಿಗೆ ಹೇಳುವ ರೀತಿಯನ್ನು ಬರೆಯುತ್ತೇನೆ. ನಿಮ್ಮ ಹಾಳೆಯಲ್ಲಿ ಹೆಚ್ಚು ಜಾಗ ಇದಕ್ಕೇ ಮೀಸಲಾಗಲಿ.

ಮೊದಲು ಮೂತ್ರ ವಿಸರ್ಜನೆ ಮುಗಿಸಬೇಕು. ಎಷ್ಟೋ ಜನರಿಗೆ ಕೂರುವ ಮುಂಚೆ ಬೇಸಿನ್‌ಗೆ ಒಂದು ಚೊಂಬು ನೀರು ಸುರಿಯುವ ಅಭ್ಯಾಸವಿದೆ. ಆ ದಿನ ಸುರಿದರೂ ಪರವಾಗಿಲ್ಲ, ಆದರೆ ಮಲ ಆ ನೀರಿಗೆ ಬೀಳಬಾರದು. ಅದಕ್ಕಾಗಿ ಕೆಳಗೆ ಒಂದು ಒಣ ತಟ್ಟೆ ಇಡಬೇಕು. ನಮ್ಮ ಕಡೆ ಸುಲಭವಾಗಿ ಸಿಗುವುದು ಅಡಿಕೆ ಹಾಳೆಯ ತಟ್ಟೆ. ಅಂಚು ಎತ್ತರವಿರುವುದರಿಂದ ತೆಳ್ಳಗಿನ ಮಲವೂ ಹರಿದುಹೋಗುವುದಿಲ್ಲ, ಕೆಲಸ ಮುಗಿದ ಮೇಲೆ ಎಸೆಯಬಹುದು. ಅದು ಸಿಗದಿದ್ದರೆ ಅಗಲವಾದ ಪ್ಲಾಸ್ಟಿಕ್ ಕವರನ್ನು ಬಿಡಿಸಿ ಹಾಸಬಹುದು. ಮಲ ಗಟ್ಟಿಯಾಗಿದ್ದರೆ ಮಾತ್ರ ವೃತ್ತಪತ್ರಿಕೆ ಆದೀತು. ನೀರಾಗಿದ್ದರೆ ಕಾಗದ ಹೀರಿಕೊಂಡುಬಿಡುತ್ತದೆ, ಡಬ್ಬಿಗೆ ಹಾಕಲು ಏನೂ ಉಳಿಯುವುದಿಲ್ಲ.

ಇನ್ನು ಡಬ್ಬಿಗೆ ಹಾಕುವುದು. ಮುಚ್ಚಳಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಚಮಚ ಇರುತ್ತದೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಕೈಗೆ ಕೊಡುವಾಗ ಮುಚ್ಚಳ ತಿರುಗಿಸಿ ತೋರಿಸಿ. ಮೇಲಿಂದ, ಮಧ್ಯದಿಂದ, ಕೊನೆಯಿಂದ ಸ್ವಲ್ಪ ಸ್ವಲ್ಪ ತೆಗೆಯಬೇಕು. ರಕ್ತ, ಲೋಳೆ ಕಂಡ ಜಾಗ ಇದ್ದರೆ ಅಲ್ಲಿಂದಲೇ ತೆಗೆಯಬೇಕು. ಇಲ್ಲಿ ಎಲ್ಲರೂ ತಪ್ಪುವುದು ಯಾಕೆಂದರೆ, ಡಾಕ್ಟರರಿಗೆ ‘ಚೆನ್ನಾಗಿರುವುದನ್ನು’ ಕೊಡಬೇಕೆಂದು ಲೋಳೆಯ ಭಾಗವನ್ನು ಬಿಟ್ಟು ಬೇರೆಯದನ್ನು ಆರಿಸುತ್ತಾರೆ. ನೆಲ್ಲಿಕಾಯಿಯ ಗಾತ್ರದಷ್ಟು ಸಾಕು. ನೀರಾಗಿದ್ದರೆ ಎರಡು ಟೀ ಚಮಚ. ಡಬ್ಬಿ ಅರ್ಧಕ್ಕಿಂತ ಮೇಲೆ ತುಂಬುವುದು ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ‘ಅರ್ಥವಾಯಿತೇ?’ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ನಾಳೆ ಬೆಳಿಗ್ಗೆ ನೀವು ಮೊದಲು ಏನು ಮಾಡುತ್ತೀರಿ, ನನಗೆ ಹೇಳಿ ಅಮ್ಮ’ ಎಂದು ಕೇಳುತ್ತೇನೆ. ಅವರು ಹೇಳುತ್ತಾ ಹೋದಂತೆ ಎಲ್ಲಿ ತಪ್ಪಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಕಾಫಿ_ತೋಟ

ಸಿಸ್ಟರ್, ತೋಟದ ಲೈನ್ ಮನೆಗಳಲ್ಲಿ ಇರುವವರು, ಬಯಲಿಗೆ ಹೋಗುವವರು ಏನು ಮಾಡಬೇಕು? ನಮ್ಮಲ್ಲಿ ಕೆಲಸಕ್ಕೆ ಬರುವವರಿಗೆ ರಕ್ತಹೀನತೆ ಎಂದು ವೈದ್ಯರು ಮಲ ಪರೀಕ್ಷೆ ಬರೆದುಕೊಟ್ಟಿದ್ದರು. ಎಲೆಯ ಮೇಲೆ ಹಿಡಿಯಬಹುದೇ?

ವಾರ್ಡ್_ಸಿಸ್ಟರ್

ಅಗಲವಾದ ಬಾಳೆ ಎಲೆಯೋ ಮುತ್ತುಗದ ಎಲೆಯೋ ಆಗಬಹುದು, ಒಣಗಿರಬೇಕು, ಶುಚಿಯಾಗಿರಬೇಕು. ಒಂದೇ ಷರತ್ತು: ಮಣ್ಣು ತಾಗಬಾರದು. ನೆಲಕ್ಕೆ ಬಿದ್ದದ್ದನ್ನು ಬಾಚಿ ಡಬ್ಬಿಗೆ ಹಾಕಬಾರದು.

ಹಳೆಯ_ಸೂಕ್ಷ್ಮದರ್ಶಕ

ತೋಟದವರ ವಿಷಯ ಬಂದದ್ದು ಒಳ್ಳೆಯದಾಯಿತು. ಅಲ್ಲಿ ರಕ್ತಹೀನತೆ ಎಂದಾಗ ವೈದ್ಯರು ಹುಡುಕುತ್ತಿರುವುದು ಕೊಕ್ಕೆಹುಳುವಿನ ಮೊಟ್ಟೆಯನ್ನು. ಬರಿಗಾಲಿನಲ್ಲಿ ತೇವದ ಮಣ್ಣು ತುಳಿದಾಗ ಅದರ ಮರಿ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಬೆಳೆದ ಹುಳು ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಮಣ್ಣು ಸೇರಿದ ಮಾದರಿಯಲ್ಲಿ, ಮಣ್ಣಿನಲ್ಲೇ ಬದುಕುವ ಬೇರೆ ಹುಳುಗಳ ಮರಿಗಳೂ ಕಾಣುತ್ತವೆ.

ಸಮಯ ಮೀರಿದರೆ ಇಲ್ಲಿ ಬೇರೆ ರೀತಿಯ ಗೊಂದಲ. ಮಾದರಿ ಬೆಚ್ಚಗೆ ಒಂದು ದಿನಕ್ಕಿಂತ ಹೆಚ್ಚು ಕುಳಿತರೆ ಕೊಕ್ಕೆಹುಳುವಿನ ಮೊಟ್ಟೆ ಡಬ್ಬಿಯಲ್ಲೇ ಒಡೆದು ಮರಿ ಹೊರಬರುತ್ತದೆ. ಆ ಮರಿಗೂ ಇನ್ನೊಂದು ಜಾತಿಯ ಹುಳುವಿನ ಮರಿಗೂ ವ್ಯತ್ಯಾಸ ಗುರುತಿಸಲು ಪಳಗಿದ ಕಣ್ಣು ಬೇಕು. ಆದ್ದರಿಂದ ಸಂಗ್ರಹಿಸಿದ ಗಂಟೆಯನ್ನು ಡಬ್ಬಿಯ ಮೇಲೆ ಬರೆಸಿ. ದಿನಾಂಕ ಮಾತ್ರ ಇದ್ದರೆ ಸಾಲದು.

ಪುಟ್ಟನ_ಅಮ್ಮ

ಮಕ್ಕಳ ವಿಷಯ ಯಾರೂ ಬರೆದಿಲ್ಲವಲ್ಲ? ನನ್ನ ಮಗುವಿಗೆ ಭೇದಿಯಾದಾಗ ಡಯಾಪರ್ ಬಿಚ್ಚಿ ನೋಡಿದರೆ ನೀರೆಲ್ಲ ಅದರೊಳಗೇ ಹೀರಿಹೋಗಿತ್ತು. ಹತ್ತಿಯ ಸಮೇತ ಕೆರೆದು ಕೊಡಬಹುದೇ ಎಂದು ಕೇಳಲು ಲ್ಯಾಬಿಗೆ ಫೋನ್ ಮಾಡಿದರೆ ‘ಹೇಗಾದರೂ ತನ್ನಿ’ ಎಂದರು. ಹೇಗಾದರೂ ಎಂದರೆ ಹೇಗೆ ಎಂದು ಒಬ್ಬ ತಾಯಿಗೆ ಹೇಳುವಷ್ಟು ವ್ಯವಧಾನ ಇರಬೇಡವೇ? ಮಗು ಒಂದು ಕಡೆ ಅಳುತ್ತಿರುತ್ತದೆ, ನಮಗೆ ಕೈಕಾಲು ಆಡುವುದಿಲ್ಲ.

ತಾಲ್ಲೂಕು_ಲ್ಯಾಬ್

ನಿಮ್ಮ ಸಿಟ್ಟು ನ್ಯಾಯವಾದದ್ದು. ಡಯಾಪರಿನ ಒಳಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಮಗುವಿಗೆ ತೊಡಿಸಿ, ಅಥವಾ ಡಯಾಪರನ್ನೇ ಒಳಹೊರಗು ಮಾಡಿ, ಹೀರದ ಬದಿ ಮಗುವಿನ ಕಡೆ ಬರುವಂತೆ ಕಟ್ಟಿ. ಹತ್ತಿರವೇ ಇದ್ದು ಆಗಾಗ ನೋಡುತ್ತಿರಿ, ಪ್ಲಾಸ್ಟಿಕ್ ಇದೆ ಎಂದು ಮಗುವನ್ನು ಹಾಗೆಯೇ ಮಲಗಿಸಿ ಹೋಗಬೇಡಿ. ಪಾಟಿಯಲ್ಲಿ ಕೂರುವ ಮಗುವಾದರೆ ಪಾಟಿಯನ್ನು ತೊಳೆದು, ಫಿನಾಯಿಲ್, ಡೆಟಾಲ್ ಯಾವುದರ ಅಂಶವೂ ಉಳಿಯದಂತೆ ಒಣಗಿಸಿ ಇಡಿ. ಅವುಗಳ ಅಂಶ ಉಳಿದರೆ ನಾವು ಬೆಳೆಸಿ ನೋಡಬೇಕಾದ ಬ್ಯಾಕ್ಟೀರಿಯಾ ಸತ್ತಿರುತ್ತದೆ.

ಇನ್ನೊಂದು ವಿಷಯ. ರಾತ್ರಿ ಗುದದ್ವಾರ ಕೆರೆದುಕೊಳ್ಳುವ ಮಕ್ಕಳಿಗೂ ಕೆಲವೊಮ್ಮೆ ಮಲ ಪರೀಕ್ಷೆಯನ್ನೇ ಬರೆಸಿಕೊಂಡು ಬರುತ್ತಾರೆ. ದಾರದ ಎಳೆಯಂತಹ ಆ ಬಿಳಿ ಹುಳು ರಾತ್ರಿ ಹೊರಬಂದು ಗುದದ ಸುತ್ತಲಿನ ಚರ್ಮದ ಮೇಲೆ ಮೊಟ್ಟೆಯಿಡುತ್ತದೆ, ಮಲದಲ್ಲಿ ಮೊಟ್ಟೆ ಸಿಗುವುದು ಅಪರೂಪ. ಅದಕ್ಕೆ ಬೆಳಿಗ್ಗೆ ಮಗು ಎದ್ದ ಕೂಡಲೇ, ಸ್ನಾನಕ್ಕೂ ಶೌಚಕ್ಕೂ ಮುಂಚೆ, ಪಾರದರ್ಶಕ ಅಂಟುಪಟ್ಟಿಯನ್ನು ಆ ಜಾಗಕ್ಕೆ ಒತ್ತಿ ತೆಗೆದು ಗಾಜಿನ ಪಟ್ಟಿಗೆ ಅಂಟಿಸಿ ತರಬೇಕು. ಗಾಜಿನ ಪಟ್ಟಿಯನ್ನು ನಾವೇ ಕೊಡುತ್ತೇವೆ.

ಒಪಿಡಿ_ವೈದ್ಯ

ಹಾಳೆಯಲ್ಲಿ ಔಷಧಿಗಳ ಬಗ್ಗೆ ಒಂದು ಭಾಗ ಇರಲೇಬೇಕು. ನಾವು ವೈದ್ಯರು ಪರೀಕ್ಷೆ ಬರೆದುಕೊಡುವಾಗಲೇ ಕೇಳಬೇಕಾದ್ದು, ಆದರೆ ಒಪಿಡಿಯ ಗಡಿಬಿಡಿಯಲ್ಲಿ ಕೇಳುವವರು ಕಡಿಮೆ.

ಭೇದಿ ಶುರುವಾದ ದಿನವೇ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ಮಾತ್ರೆ ತಂದು ನುಂಗಿರುತ್ತಾರೆ, ಗುಣವಾಗದಿದ್ದಾಗ ನಮ್ಮ ಬಳಿಗೆ ಬರುತ್ತಾರೆ. ಆಮೇಲೆ ಮಾಡಿಸಿದ ಕಲ್ಚರಿನಲ್ಲಿ, ಎಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದಿದ್ದರೆ ಆಶ್ಚರ್ಯವಿಲ್ಲ. ಕಲ್ಚರಿಗೆ ಮೊದಲ ಮಾತ್ರೆಗೂ ಮುಂಚೆ ಮಾದರಿ ತೆಗೆಯಬೇಕು. ಈಗಾಗಲೇ ನುಂಗಿದ್ದರೆ ಯಾವುದು, ಯಾವಾಗ ಎಂದು ಹೇಳಲಿ, ನಾವು ಬೈಯುವುದಿಲ್ಲ ಎಂದೂ ಬರೆಯಿರಿ. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡುತ್ತಾರೆ.

ಹೊಟ್ಟೆಯ ಹುಣ್ಣು ತರುವ ಪೈಲೋರಿ ಬ್ಯಾಕ್ಟೀರಿಯಾಕ್ಕೆ ಮಲದಲ್ಲಿ ಪರೀಕ್ಷೆ ಇದೆ. ಅದಕ್ಕೆ ಎರಡು ವಾರ ಮುಂಚಿನಿಂದ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಗುಂಪಿನ ಮಾತ್ರೆ ನಿಲ್ಲಿಸಿರಬೇಕು, ನಾಲ್ಕು ವಾರದಿಂದ ಆಂಟಿಬಯೋಟಿಕ್ ತೆಗೆದುಕೊಂಡಿರಬಾರದು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ಬರಬಹುದು. ನಮ್ಮ ಜನರಿಗೆ ಇವು ‘ಗ್ಯಾಸ್ ಮಾತ್ರೆ’. ಬೆಳಿಗ್ಗೆ ಎದ್ದ ಕೂಡಲೇ ನುಂಗುವುದು ಎಷ್ಟು ಅಭ್ಯಾಸವಾಗಿದೆ ಎಂದರೆ, ‘ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿದರೆ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೆಸರು ಹಿಡಿದು ಕೇಳಬೇಕು. ಆದರೆ ‘ನಿಲ್ಲಿಸಿ’ ಎಂದು ಹಾಳೆಯಲ್ಲಿ ಬರೆಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಹೊಟ್ಟೆ ಕಾಪಾಡಲೆಂದು ಅದನ್ನು ಕೊಟ್ಟಿರಬಹುದು. ‘ವೈದ್ಯರನ್ನು ಕೇಳಿ’ ಎಂದಷ್ಟೇ ಇರಲಿ.

ಮಲಬದ್ಧತೆ ಇರುವವರು ಹೇಗಾದರೂ ಮಾದರಿ ಕೊಡಬೇಕೆಂದು ರಾತ್ರಿ ಹರಳೆಣ್ಣೆ ಕುಡಿಯುತ್ತಾರೆ. ಎಣ್ಣೆಯ ಹನಿಗಳು ಸೂಕ್ಷ್ಮದರ್ಶಕದಲ್ಲಿ ಎಲ್ಲವನ್ನೂ ಮಸುಕು ಮಾಡುತ್ತವೆ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿಕೊಂಡವರೂ ಒಂದು ವಾರ, ಹತ್ತು ದಿನ ಕಾಯಬೇಕು.

ಲೀಡ್ಸ್_ಕನ್ನಡಿಗ

ಇಂಗ್ಲೆಂಡಿನಲ್ಲಿ ನಡೆಯುವ ಕ್ರಮವನ್ನು ಹೇಳಿದರೆ ಉಪಯೋಗವಾಗಬಹುದು. ಇಲ್ಲಿ ಕರುಳಿನ ಕ್ಯಾನ್ಸರ್ ತಪಾಸಣೆಗೆ 50ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಒಂದು ಪುಟ್ಟ ಕಿಟ್ ಬರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿದೆಯೇ ಎಂದು ನೋಡುವ ಪರೀಕ್ಷೆ. ಮನೆಯಲ್ಲೇ ಮಾದರಿ ತೆಗೆದು ಅಂಚೆಗೆ ಹಾಕುವುದು. 2019ರಿಂದ ಹೊಸ ವಿಧಾನ ಬಂದಿದೆ, ಒಂದೇ ಮಾದರಿ ಸಾಕು. ಮುಂಚಿನ ಕಿಟ್‌ನಲ್ಲಿ ಮೂರು ಬೇರೆ ಬೇರೆ ಸಲದ ಮಲದಿಂದ ತೆಗೆದು ರಟ್ಟಿಗೆ ಸವರಬೇಕಿತ್ತು.

ನನ್ನ ಅತ್ತೆ ಮಂಡ್ಯದವರು, ಇಂಗ್ಲಿಷ್ ಓದಲು ಬರುವುದಿಲ್ಲ. ಕಿಟ್‌ನ ಜೊತೆ ಬರುವ ಚಿತ್ರಗಳನ್ನು ನೋಡಿಯೇ ಎಲ್ಲವನ್ನೂ ಸರಿಯಾಗಿ ಮಾಡಿದರು. ಒಂದು ಕಡೆ ಮಾತ್ರ ತಡೆದರು. ಬಾಟಲಿಯೊಳಗೆ ಸ್ವಲ್ಪ ದ್ರವ ಇರುತ್ತದೆ, ಅದನ್ನು ಚೆಲ್ಲಿ ತೊಳೆಯಲು ಹೊರಟಿದ್ದರು. ಆ ದ್ರವ ಮಾದರಿಯನ್ನು ಕಾಪಾಡುವುದಕ್ಕೇ ಇರುವುದು. ಕಡ್ಡಿಯ ತುದಿಯ ಗೀರುಗಳಲ್ಲಿ ನಿಲ್ಲುವಷ್ಟೇ ಮಲ ಬೇಕು, ಹೆಚ್ಚು ತುರುಕಿದರೆ ಪರೀಕ್ಷೆ ಕೆಡುತ್ತದೆ. ಮೇಡಂ, ನಿಮ್ಮ ಹಾಳೆಯಲ್ಲಿ ಚಿತ್ರಗಳು ಇರಲಿ. ನಾಚಿಕೆಪಡುವಂತಹ ಚಿತ್ರ ಬೇಕಿಲ್ಲ. ತಟ್ಟೆ, ಡಬ್ಬಿ, ಚಮಚ, ಗಡಿಯಾರ, ಸೋಪು ಇದ್ದರೆ ಸಾಕು.

ಒಪಿಡಿ_ವೈದ್ಯ

ನೀವು ಹೇಳಿದ ಪರೀಕ್ಷೆಯ ಎರಡೂ ವಿಧಾನಗಳು ನಮ್ಮಲ್ಲಿ ನಡೆಯುತ್ತವೆ, ಗೊಂದಲ ಅಲ್ಲೇ ಹುಟ್ಟುತ್ತದೆ. ಹೊಸದು ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುತ್ತದೆ, ಊಟದ ಪಥ್ಯ ಬೇಡ. ಹಳೆಯ ವಿಧಾನದಲ್ಲಿ ಕುರಿ, ದನದ ಮಾಂಸದ ರಕ್ತಾಂಶಕ್ಕೂ ಬಣ್ಣ ಬರುತ್ತದೆ, ಹಸಿ ಮೂಲಂಗಿಗೂ ಬರಬಹುದು. ಹೆಚ್ಚು ವಿಟಮಿನ್ ಸಿ ತಿಂದಿದ್ದರೆ ರಕ್ತವಿದ್ದರೂ ಬಣ್ಣ ಬರುವುದಿಲ್ಲ. ಆದ್ದರಿಂದ ಮೂರು ದಿನ ಪಥ್ಯ ಬೇಕು. ಪರೀಕ್ಷೆಯ ಹೆಸರು ಎರಡಕ್ಕೂ ಒಂದೇ ಇರುವುದರಿಂದ ಯಾವ ವಿಧಾನವೆಂದು ರೋಗಿಗೆ ತಿಳಿಸಬೇಕಾದವರು ಲ್ಯಾಬಿನವರು. ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ರಕ್ತ ಬೀಳುತ್ತಿರುವಾಗ ಈ ಪರೀಕ್ಷೆ ಯಾವ ವಿಧಾನದಲ್ಲೂ ಬೇಡ.

ಆಶಾ_ಯಾದಗಿರಿ

ಎಲ್ಲರಿಗೂ ನಮಸ್ಕಾರ. ನಾನು ಆಶಾ ಕಾರ್ಯಕರ್ತೆ. ಮಲದ ಮಾದರಿ ಎಂದಾಗ ನಮಗೆ ಮೊದಲು ನೆನಪಾಗುವುದು ಪೋಲಿಯೊ ನಿಗಾ. ಹದಿನೈದು ವರ್ಷದೊಳಗಿನ ಯಾವ ಮಗುವಿಗಾದರೂ ಇದ್ದಕ್ಕಿದ್ದಂತೆ ಕೈಯೋ ಕಾಲೋ ಸೋತು ಜೋತುಬಿದ್ದರೆ ನಾವು ಕೂಡಲೇ ಮೇಲಿನವರಿಗೆ ತಿಳಿಸಬೇಕು. ಆ ಮಗುವಿನ ಮಲದ ಎರಡು ಮಾದರಿ ಬೇಕು. ಎರಡರ ನಡುವೆ ಕನಿಷ್ಠ 24 ಗಂಟೆ ಅಂತರ ಇರಬೇಕು, ಕೈಯೋ ಕಾಲೋ ಸೋತ 14 ದಿನದೊಳಗೆ ಎರಡೂ ಮಾದರಿ ಸಿಗಬೇಕು. ತಲಾ 8 ಗ್ರಾಂ, ಎಂದರೆ ದೊಡ್ಡವರ ಹೆಬ್ಬೆರಳಿನ ತುದಿಯಷ್ಟು. ಅದನ್ನು ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟು ಮೂರು ದಿನದೊಳಗೆ ಪ್ರಯೋಗಾಲಯ ಮುಟ್ಟಿಸಬೇಕು. ಲಸಿಕೆ ಊರಿಗೆ ತಣ್ಣಗೆ ಬರುವ ಹಾಗೆ ಮಾದರಿ ಊರಿನಿಂದ ತಣ್ಣಗೆ ಹೋಗಬೇಕು.

ಒಂದು ಮನೆಯಲ್ಲಿ ಮಗುವಿನ ಅಪ್ಪ ಕೇಳಿದ ಪ್ರಶ್ನೆಯನ್ನು ಇಲ್ಲಿ ಹೇಳಬೇಕು. ‘ಮಗನಿಗೆ ಸೋತಿರುವುದು ಕಾಲು. ನೀವು ಮಲ ಯಾಕೆ ಕೇಳುತ್ತೀರಿ? ಇದರಿಂದ ಅವನ ಕಾಲು ಸರಿಹೋಗುತ್ತದೆಯೇ?’ ಎಂದರು. ಬಹಳ ಸರಿಯಾದ ಪ್ರಶ್ನೆ. ನಾನು ಸುಳ್ಳು ಹೇಳಲಿಲ್ಲ. ‘ಇದರಿಂದ ಕಾಲು ಸರಿಹೋಗುವುದಿಲ್ಲ ಅಣ್ಣ. ಪೋಲಿಯೊ ವೈರಾಣು ಕರುಳಿನಲ್ಲಿ ಬೆಳೆದು ಮಲದಲ್ಲಿ ಹೊರಬರುತ್ತದೆ. ಇವನಿಗೆ ಬಂದಿರುವುದು ಅದಲ್ಲ ಎಂದು ಖಾತ್ರಿಯಾದರೆ ಓಣಿಯ ಉಳಿದ ಮಕ್ಕಳ ಬಗ್ಗೆ ನಾವು ನಿಶ್ಚಿಂತರಾಗುತ್ತೇವೆ. ಅದೇ ಆಗಿದ್ದರೆ ಅವರನ್ನು ಕಾಪಾಡಬೇಕಾಗುತ್ತದೆ’ ಎಂದೆ. ಅವರು ಎರಡೂ ದಿನ ತಾವೇ ಮಾದರಿ ಹಿಡಿದುಕೊಟ್ಟರು.

ದೇಶದಲ್ಲಿ ಕಾಡು ಪೋಲಿಯೊದ (ಲಸಿಕೆಯ ವೈರಾಣುವಿನಿಂದಲ್ಲದೆ ಸಹಜವಾಗಿ ಹರಡುವ ಪೋಲಿಯೊ) ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಇನ್ನೂ ಇರುವುದರಿಂದ ನಾವು ಡಬ್ಬಿ ಹಿಡಿದು ಓಡುವುದು ನಿಂತಿಲ್ಲ. ಮನೆಯವರು ಬೇಸರಪಡದೆ ಕೊಟ್ಟ ಆ ಮಾದರಿಗಳಿಂದಲೇ ಪೋಲಿಯೊ ಇಲ್ಲವೆಂದು ಹೇಳಲು ಸಾಧ್ಯವಾಯಿತು.

ನಮ್ಮ ಕಡೆ ‘ಮಲ’ ಎಂದರೆ ಕೆಲವರು ಸುಮ್ಮನೆ ಮುಖ ನೋಡುತ್ತಾರೆ. ‘ಸಂಡಾಸ’ ಎಂದರೆ ತಿಳಿಯುತ್ತದೆ. ಹಾಳೆಯಲ್ಲಿ ಏನೇ ಬರೆದರೂ ಬಾಯಲ್ಲಿ ಹೇಳುವಾಗ ಆ ಊರಿನ ಮಾತಿನಲ್ಲೇ ಹೇಳಿ.

ಹಳೆಯ_ಸೂಕ್ಷ್ಮದರ್ಶಕ

ತಂಗಿ, ನೀವು ಆ ಅಪ್ಪನಿಗೆ ಕೊಟ್ಟ ಉತ್ತರವನ್ನು ನನ್ನ ವಿದ್ಯಾರ್ಥಿಗಳಿಗೆ ಕಳುಹಿಸುತ್ತಿದ್ದೇನೆ. ನೀವು ಕಳುಹಿಸುವ ಇಂತಹ ಮಾದರಿಗಳನ್ನು ಪರೀಕ್ಷಿಸುವ ರಾಷ್ಟ್ರೀಯ ಪೋಲಿಯೊ ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ, ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕದಲ್ಲಿ.

ಗುಣಮಟ್ಟ_ಮೊದಲು

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಗುಣಮಟ್ಟ ನೋಡಿಕೊಳ್ಳುವವನು. ಸೂಚನೆ ಎಷ್ಟು ಕೊಟ್ಟರೂ ಕೆಟ್ಟ ಮಾದರಿ ಬರುತ್ತದೆ. ಹೆಸರಿಲ್ಲದ್ದು, ಸೋರಿದ್ದು, ತಡವಾದದ್ದು ಎಲ್ಲವನ್ನೂ ಹಿಂದಿರುಗಿಸಿ. ತಪ್ಪು ವರದಿ ಕೊಡುವುದಕ್ಕಿಂತ ವರದಿ ಕೊಡದಿರುವುದು ಮೇಲು. ಒಂದು ಸಲ ಹಿಂದಿರುಗಿಸಿದರೆ ಮುಂದಿನ ಸಲ ಸರಿಯಾಗಿ ತರುತ್ತಾರೆ.

ತಾಲ್ಲೂಕು_ಲ್ಯಾಬ್

ಹೆಸರಿಲ್ಲದ ಡಬ್ಬಿಯ ಬಗ್ಗೆ ನಿಮ್ಮ ಮಾತೇ ಸರಿ, ಒಬ್ಬರ ವರದಿ ಇನ್ನೊಬ್ಬರಿಗೆ ಹೋಗಬಾರದು. ಉಳಿದದ್ದರಲ್ಲಿ ನಾನು ನಿಮ್ಮ ಜೊತೆ ಇಲ್ಲ ಸರ್. ನಮ್ಮಲ್ಲಿಗೆ ಬರುವವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ಹಣ ಕೊಟ್ಟು ಬಂದಿರುತ್ತಾರೆ. ಹಿಂದಿರುಗಿಸಿದರೆ ಸರಿಯಾದದ್ದನ್ನು ತರುತ್ತಾರೆ ಎನ್ನುತ್ತೀರಿ. ನಾನು ಕಂಡಂತೆ ಅವರು ಬರುವುದೇ ಇಲ್ಲ, ರೋಗ ಅವರ ಜೊತೆಯಲ್ಲೇ ಉಳಿಯುತ್ತದೆ.

ತಡವಾದ ಗಟ್ಟಿ ಮಾದರಿಯಲ್ಲಿ ದುಂಡುಹುಳುವಿನ ಮೊಟ್ಟೆ ಕಂಡರೆ ಅದು ಮೊಟ್ಟೆಯೇ ಅಲ್ಲವೇ? ಸಿಕ್ಕದ್ದನ್ನು ವರದಿ ಮಾಡಿ, ‘ಮಾದರಿ ತಡವಾಗಿ ಬಂದಿದೆ, ಏನೂ ಕಾಣದಿದ್ದರೆ ಸೋಂಕಿಲ್ಲ ಎಂದು ಅರ್ಥವಲ್ಲ’ ಎಂದು ಬರೆದರೆ ವೈದ್ಯರಿಗೆ ಅರ್ಥವಾಗುತ್ತದೆ. ನೀರಾದ ಮಲದಲ್ಲಿ ಅಮೀಬಾ ಹುಡುಕಬೇಕಾದಾಗ, ಕಲ್ಚರ್ ಮಾಡಬೇಕಾದಾಗ ಮಾತ್ರ ಹೊಸದನ್ನು ಕೇಳಬೇಕು. ಅದನ್ನೂ ಸಾಲಿನ ಮುಂದೆ ಕೂಗಿ ಹೇಳದೆ, ಪಕ್ಕಕ್ಕೆ ಕರೆದು ಯಾಕೆ ಎಂದು ತಿಳಿಸಬೇಕು.

ಗುಣಮಟ್ಟ_ಮೊದಲು

ಷರಾ ಬರೆದು ವರದಿ ಕೊಡುವುದನ್ನು ಒಪ್ಪುತ್ತೇನೆ, ಆದರೆ ಆ ಷರಾ ವರದಿಯ ಮೊದಲ ಸಾಲಿನಲ್ಲಿರಬೇಕು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಯಾರೂ ಓದುವುದಿಲ್ಲ. ಇನ್ನು ಕಲ್ಚರಿನ ಮಾದರಿ ಎರಡು ಗಂಟೆಯೊಳಗೆ ತಲುಪುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಬ್ಯಾಕ್ಟೀರಿಯಾ ದಾರಿಯಲ್ಲಿ ಸಾಯದಂತೆ ಉಳಿಸುವ ಕ್ಯಾರಿ-ಬ್ಲೇರ್ ಮಾಧ್ಯಮದ ಕೊಳವೆ ಕೊಡಿ. ರಕ್ತಭೇದಿ ತರುವ ಶಿಗೆಲ್ಲಾ ಬರಿಯ ಡಬ್ಬಿಯಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ.

ಕಾಫಿ_ತೋಟ

ನಮ್ಮವರಿಗೆ ಮೂರು ದಿನ ಮಾದರಿ ತರಲು ಹೇಳಿದ್ದರು. ಮೊದಲ ದಿನ ಏನೂ ಇಲ್ಲ ಎಂದು ಬಂದದ್ದರಿಂದ ಮುಂದಿನ ಎರಡಕ್ಕೆ ಯಾರೂ ಹೋಗಲಿಲ್ಲ. ಮೂರು ಯಾಕೆ ಬೇಕು?

ಹಳೆಯ_ಸೂಕ್ಷ್ಮದರ್ಶಕ

ಕೋಶಗಳು, ಮೊಟ್ಟೆಗಳು ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ಹೊರಬರುವುದಿಲ್ಲ. ಒಂದು ದಿನ ಇಲ್ಲದ್ದು ಮೂರನೆಯ ದಿನ ಸಿಗಬಹುದು. ಆದ್ದರಿಂದ ದಿನ ಬಿಟ್ಟು ದಿನದಂತೆ, ಹತ್ತು ದಿನದೊಳಗೆ ಮೂರು. ಒಂದೇ ದಿನದ ಮಲವನ್ನು ಮೂರು ಡಬ್ಬಿಗೆ ಹಂಚಿ ತಂದರೆ ಪ್ರಯೋಜನವಿಲ್ಲ. ಕೂಲಿ ಬಿಟ್ಟು ಬರಲಾಗದವರಿಗೆ ಮೊಟ್ಟೆ, ಕೋಶಗಳ ಪರೀಕ್ಷೆಗಾಗಿ ಮಾದರಿ ಕೆಡದಂತೆ ಕಾಪಾಡುವ ಫಾರ್ಮಾಲಿನ್ ದ್ರಾವಣ ಇರುವ ಡಬ್ಬಿ ಕೊಟ್ಟರೆ ಮೂರನ್ನೂ ಒಟ್ಟಿಗೆ ತರಬಹುದು. ಅದು ವಿಷ, ಮಕ್ಕಳ ಕೈಗೆ ಸಿಗಬಾರದು ಎಂದು ಹೇಳಿಯೇ ಕೊಡಬೇಕು. ಕಲ್ಚರಿಗೆ ಆ ಡಬ್ಬಿ ಆಗುವುದಿಲ್ಲ.

ಪುಟ್ಟನ_ಅಮ್ಮ

ಫ್ರಿಜ್‌ನಲ್ಲಿ ಇಡಬಹುದೇ ಎಂಬುದನ್ನೂ ಬರೆಯಿರಿ. ನಮ್ಮ ಅತ್ತೆ ಮಡಿಯವರು, ನೈವೇದ್ಯದ ಹಾಲು ಅದರಲ್ಲೇ ಇರುತ್ತದೆ. ಕೇಳಲೂ ನನಗೆ ಧೈರ್ಯ ಬರುವುದಿಲ್ಲ.

ವಾರ್ಡ್_ಸಿಸ್ಟರ್

ಫ್ರಿಜ್ ಇಲ್ಲದೆಯೂ ಆಗುತ್ತದೆ. ಬೆಳಿಗ್ಗೆ ಹಿಡಿದು ಬೆಳಿಗ್ಗೆಯೇ ಕೊಟ್ಟರೆ ಫ್ರಿಜ್‌ನ ಮಾತೇ ಬರುವುದಿಲ್ಲ. ತಡವಾಗುವುದಾದರೆ ಡಬ್ಬಿಯನ್ನು ಎರಡು ಕವರಿನಲ್ಲಿ ಕಟ್ಟಿ, ಐಸ್ ತುಂಡುಗಳಿರುವ ಬೇರೊಂದು ಡಬ್ಬದಲ್ಲಿ, ಐಸ್ ನೇರವಾಗಿ ತಾಗದಂತೆ ಇಡಿ. ಫ್ರೀಜರಿನಲ್ಲಿ ಇಡಲೇಬಾರದು. ನೀರಾದ ಮಲಕ್ಕೆ ಫ್ರಿಜ್ ಕೂಡ ಬೇಡ, ತಣ್ಣಗಾದರೆ ಓಡಾಡುವ ಅಮೀಬಾ ಉಳಿಯುವುದಿಲ್ಲ.

ತಾಲ್ಲೂಕು_ಲ್ಯಾಬ್

ನೀವೆಲ್ಲ ಹೇಳಿದ್ದನ್ನು ಸೇರಿಸಿ ಕರಡು ತಿದ್ದಿದ್ದೇನೆ. ಓದಿ ನೋಡಿ:

‘ಈ ಪರೀಕ್ಷೆಗೆ ಉಪವಾಸ ಬೇಡ, ತಿಂಡಿ ತಿನ್ನಿ. ಭೇದಿ ನೀರುನೀರಾಗಿದ್ದರೆ ಮನೆಯಿಂದ ತರಬೇಡಿ, ನಮ್ಮಲ್ಲಿಗೇ ಬನ್ನಿ, ಇಲ್ಲಿಯೇ ವ್ಯವಸ್ಥೆ ಇದೆ. ಮೊದಲು ಮೂತ್ರ ಮಾಡಿ ಮುಗಿಸಿ. ಒಣ ತಟ್ಟೆಯೋ ಪ್ಲಾಸ್ಟಿಕ್ ಹಾಳೆಯೋ ಇಟ್ಟು ಅದರ ಮೇಲೆ ಮಲ ಹಿಡಿಯಿರಿ. ನೀರು, ಮೂತ್ರ, ಮಣ್ಣು ಸೇರಿದರೆ ರೋಗ ಕಾಣುವುದಿಲ್ಲ. ಮುಚ್ಚಳದಲ್ಲಿರುವ ಚಮಚದಿಂದ ನೆಲ್ಲಿಕಾಯಿಯಷ್ಟು ತೆಗೆದು ಹಾಕಿ. ರಕ್ತ, ಲೋಳೆ ಇರುವ ಕಡೆಯಿಂದಲೇ ತೆಗೆಯಿರಿ. ಡಬ್ಬಿ ತುಂಬಿಸಬೇಡಿ. ಮುಚ್ಚಳ ಬಿಗಿ ಮಾಡಿ, ಹಿಡಿದ ಗಂಟೆಯನ್ನು ಬರೆದು, ಕವರಿನಲ್ಲಿ ಹಾಕಿ. ಕೈಯನ್ನು ಸೋಪಿನಿಂದ ತೊಳೆಯಿರಿ. ಗಟ್ಟಿ ಮಲವನ್ನು ಅದೇ ಬೆಳಿಗ್ಗೆ, ಮೆತ್ತಗಿದ್ದರೆ ಒಂದು ಗಂಟೆಯೊಳಗೆ ತನ್ನಿ. ಭೇದಿ ಮಾತ್ರೆ, ಗ್ಯಾಸ್ ಮಾತ್ರೆ, ಹರಳೆಣ್ಣೆ ತೆಗೆದುಕೊಂಡಿದ್ದರೆ ಹೇಳಿ. ಯಾರೂ ಬೈಯುವುದಿಲ್ಲ.’

ಪಕ್ಕದಲ್ಲಿ ಚಿತ್ರಗಳಿರುತ್ತವೆ. ಹೆಸರು, ವಯಸ್ಸನ್ನು ಡಬ್ಬಿ ಕೊಡುವಾಗ ನಾವೇ ಬರೆಯುತ್ತೇವೆ. ಕಲ್ಚರ್, ಪೈಲೋರಿ, ಕಾಣದ ರಕ್ತದ ಪರೀಕ್ಷೆಗಳಿಗೆ ಬೇರೆ ಹಾಳೆ ಮಾಡುತ್ತೇನೆ, ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಯಾರೂ ಓದುವುದಿಲ್ಲ.

ಗುಣಮಟ್ಟ_ಮೊದಲು

ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲೆ ಬೇಡ. ಒಂದೇ ಮೇಜಿನ ಮೇಲೆ ಹತ್ತು ಡಬ್ಬಿ ತೆರೆದಾಗ ಮುಚ್ಚಳಗಳು ಅದಲುಬದಲಾಗುತ್ತವೆ.

ಆಶಾ_ಯಾದಗಿರಿ

ಅಕ್ಕ, ಲ್ಯಾಬ್ ಎಷ್ಟು ಗಂಟೆಯವರೆಗೆ ತೆಗೆದಿರುತ್ತದೆ, ಭಾನುವಾರ ಇದೆಯೇ ಎಂಬುದನ್ನೂ ಹಾಕಿ. ಶನಿವಾರ ಸಂಜೆ ಡಬ್ಬಿ ಕೊಟ್ಟರೆ ಜನ ಭಾನುವಾರ ತಂದು ಬೀಗ ನೋಡಿ ವಾಪಸ್ ಹೋಗುತ್ತಾರೆ.

ತಾಲ್ಲೂಕು_ಲ್ಯಾಬ್

ಹಾಕುತ್ತೇನೆ ತಂಗಿ. ಶನಿವಾರ ಡಬ್ಬಿ ಪಡೆದವರು ಸೋಮವಾರ ತರಬೇಕೆಂದು ಡಬ್ಬಿಯ ಚೀಟಿಯಲ್ಲೇ ಬರೆಯುತ್ತೇನೆ. ಮಾದರಿ ಕೊಡುವ ಶೌಚಾಲಯಕ್ಕೆ ಚಿಲಕ, ಸೋಪು, ಅಡಿಕೆ ತಟ್ಟೆಗಳು ಬೇಕೆಂದು ಆಡಳಿತ ವೈದ್ಯಾಧಿಕಾರಿಗಳಿಗೆ ಇಂದು ಅರ್ಜಿ ಕೊಟ್ಟಿದ್ದೇನೆ. ಅದು ಮಂಜೂರಾದ ಮೇಲೆಯೇ ‘ಇಲ್ಲಿಯೇ ವ್ಯವಸ್ಥೆ ಇದೆ’ ಎಂಬ ಸಾಲಿನ ಜೊತೆ ಹಾಳೆಯನ್ನು ಮುದ್ರಣಕ್ಕೆ ಕಳುಹಿಸುತ್ತೇನೆ.